ಹುಣಸೆ ಬೀಜದ ಕೆರೆ: ಒಂದು ಸರ್ಕಾರಿ ಶಾಲೆಯ ಪ್ರಕರಣ ಅಧ್ಯಯನ

ಕೋಲಾರ–ಚಿಕ್ಕಬಳ್ಳಾಪುರ ಭಾಗದ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿನ ವಿಜ್ಞಾನ ಶಿಕ್ಷಕಿಯೊಬ್ಬರು 7ನೇ ತರಗತಿಗೆ ಪರಿಸರ ವ್ಯವಸ್ಥೆ ಮತ್ತು ಸುಸ್ಥಿರತೆಯನ್ನು ಆಟಗಳ ಮೂಲಕ ಕಲಿಸಲು ಹೊರಟರು. ನಾನು ಆ ಶಾಲೆಗೆ ಹೋಗಿ ಬರುತ್ತಿದ್ದೆ. ಆಟ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಊರು, ಶಾಲೆ, ಜನರ ಹೆಸರು ಇಲ್ಲಿ ಇಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಆಟದ ನಿಯಮಗಳನ್ನು ಮಾತ್ರ ಇದ್ದ ಹಾಗೇ ಕೊಟ್ಟಿದ್ದೇನೆ. ಯಾರಾದರೂ ತಮ್ಮ ತರಗತಿಯಲ್ಲಿ ಆಡಿಸುವುದಾದರೆ ಅವು ಬೇಕಾಗುತ್ತವೆ.

ಹಿನ್ನೆಲೆ

ಈ ಭಾಗದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿ ಮಳೆ ನೀರು ಹಿಡಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬುತ್ತಿತ್ತು. ಆಮೇಲೆ ಬೋರ್‌ವೆಲ್ ಬಂತು. ಈಗ ಸಾವಿರ ಅಡಿ ಕೊರೆದರೂ ನೀರು ಸಿಗದೆ ಇರುವುದು ಇಲ್ಲಿ ಸುದ್ದಿಯೇ ಅಲ್ಲ. ಸಿಕ್ಕ ನೀರಲ್ಲೂ ಹಲವು ಕಡೆ ಫ್ಲೋರೈಡ್. ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ, ದಿಣ್ಣೆಗಳ ಮೇಲೆ ನೀಲಗಿರಿ. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ 2017ರಲ್ಲಿ ಆದೇಶ ಮಾಡಿತು. ಹಳೆಯ ತೋಪುಗಳು ಇನ್ನೂ ಬೇಕಾದಷ್ಟಿವೆ.

ಅಂದರೆ ನೀರಿನ ಕಷ್ಟ ಈ ಮಕ್ಕಳಿಗೆ ಪುಸ್ತಕದಿಂದ ಗೊತ್ತಾಗಬೇಕಿಲ್ಲ. ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡುವವರೇ ಅವರು. ವಿಚಿತ್ರ ಏನೆಂದರೆ, ತರಗತಿಯ ಒಳಗೆ ಬಂದ ತಕ್ಷಣ ಆ ಅನುಭವವೆಲ್ಲ ಬಾಗಿಲ ಆಚೆ ಉಳಿಯುತ್ತಿತ್ತು. ಸುಸ್ಥಿರ ಅಭಿವೃದ್ಧಿ ಎಂದರೇನು ಅಂತ ಕೇಳಿದರೆ ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಿದ್ದರು: ಮುಂದಿನ ಪೀಳಿಗೆಯ ಅಗತ್ಯಗಳಿಗೆ ಧಕ್ಕೆ ಬಾರದಂತೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದು. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ ಕೊಟ್ಟ ವರದಿಯಿಂದ ಇಳಿದು ಬಂದ ಮಾತು ಅದು. ಮುಂದಿನ ಪೀಳಿಗೆ ಅಂದರೆ ಯಾರು ಅಂತ ಶಿಕ್ಷಕಿ ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತಿತ್ತು.

ಇನ್ನೊಂದು ಪ್ರಶ್ನೆ ಅವರು ಮೊದಲೇ ಬರೆಸಿ ಇಟ್ಟುಕೊಂಡಿದ್ದರು. ನಮ್ಮ ಕೆರೆಯ ಕಪ್ಪೆಗಳೆಲ್ಲ ಹೋದರೆ ಏನಾಗುತ್ತೆ? ಹೆಚ್ಚುಕಡಿಮೆ ಎಲ್ಲರ ಉತ್ತರವೂ ಒಂದೇ. "ಪರಿಸರ ನಾಶವಾಗುತ್ತದೆ." ಒಬ್ಬ ಮಾತ್ರ "ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ" ಅಂತ ಬರೆದಿದ್ದ. ಇಡೀ ತರಗತಿಯಲ್ಲಿ ನಿಜವಾಗಿ ಕೆರೆಯನ್ನು ನೆನೆಸಿಕೊಂಡು ಬರೆದವನು ಅವನೇ ಅಂತ ನನ್ನ ಅಭಿಪ್ರಾಯ.

ದಾರ ಮತ್ತು ಬೆಳ್ಳಕ್ಕಿ

ಮೊದಲು ಆಡಿಸಿದ್ದು ಎಲ್ಲರಿಗೂ ಗೊತ್ತಿರುವ ದಾರದ ಆಟ. ಮಕ್ಕಳು ವೃತ್ತದಲ್ಲಿ ನಿಲ್ಲುತ್ತಾರೆ. ಒಬ್ಬರು ಹುಲ್ಲು, ಒಬ್ಬರು ಮಿಡತೆ, ಒಬ್ಬರು ಕಪ್ಪೆ, ಒಬ್ಬರು ಹಾವು. ದಾರದ ಉಂಡೆ ಕೈಯಿಂದ ಕೈಗೆ ಹೋಗಿ ಬಲೆಯಾಗುತ್ತದೆ. ಒಬ್ಬರು ಎಳೆದರೆ ಎಲ್ಲರಿಗೂ ಎಳೆತ ಗೊತ್ತಾಗುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ, ಮಕ್ಕಳು ನಗುತ್ತಾರೆ. ಆದರೆ ಕಪ್ಪೆ ಪ್ರಶ್ನೆ ಮತ್ತೆ ಕೇಳಿದಾಗ ಉತ್ತರ ಕದಲಿರಲಿಲ್ಲ. ಕದಲುವುದು ಹೇಗೆ? ದಾರದ ಬಲೆಯಲ್ಲಿ ಎಲ್ಲ ಕೊಂಡಿಯೂ ಸಮಾನ. ಯಾವುದು ಮೊದಲು ಹೋಗುತ್ತೆ, ಯಾವುದು ಹೆಚ್ಚಾಗುತ್ತೆ, ಎಷ್ಟು ಕಾಲ ಹಿಡಿಯುತ್ತೆ ಅನ್ನುವುದು ಅದರಲ್ಲಿ ಕಾಣುವುದೇ ಇಲ್ಲ.

ಎರಡನೆಯದು ಓಡುವ ಆಟ. ಹೊರದೇಶದ ಶಾಲೆಗಳಲ್ಲಿ ಜಿಂಕೆ ಇಟ್ಟು ಆಡಿಸುತ್ತಾರೆ. ಶಿಕ್ಷಕಿ ಜಿಂಕೆ ತೆಗೆದು ಬೆಳ್ಳಕ್ಕಿ ಇಟ್ಟರು. ಮೈದಾನದ ಒಂದು ಕಡೆ ಬೆಳ್ಳಕ್ಕಿಗಳು, ಇನ್ನೊಂದು ಕಡೆ ಅವುಗಳಿಗೆ ಬೇಕಾದವು: ಆಹಾರ, ನೀರು, ಕೂರುವ ಮರ. ಎರಡೂ ಸಾಲು ಬೆನ್ನು ತಿರುಗಿಸಿ ನಿಂತು ಸನ್ನೆ ಆರಿಸಿಕೊಳ್ಳಬೇಕು. ಹೊಟ್ಟೆ ಮೇಲೆ ಕೈ ಇಟ್ಟರೆ ಆಹಾರ, ಬಾಯಿ ಮೇಲೆ ಇಟ್ಟರೆ ನೀರು, ತಲೆ ಮೇಲೆ ಎತ್ತಿದರೆ ಮರ. ಶಿಳ್ಳೆ ಹೊಡೆದಾಗ ತಿರುಗಿ, ತನ್ನದೇ ಸನ್ನೆ ಇರುವವರನ್ನು ಬೆಳ್ಳಕ್ಕಿ ಹಿಡಿಯಬೇಕು. ಸಿಕ್ಕವರು ಮುಂದಿನ ಸುತ್ತಿಗೆ ಬೆಳ್ಳಕ್ಕಿ ಆಗುತ್ತಾರೆ. ಏನೂ ಸಿಗದ ಬೆಳ್ಳಕ್ಕಿ ಆ ಕಡೆಯ ಸಾಲಿಗೆ ಹೋಗಿ ನಿಲ್ಲುತ್ತದೆ. ಪ್ರತಿ ಸುತ್ತಿನಲ್ಲೂ ಬೆಳ್ಳಕ್ಕಿ ಎಷ್ಟಾದವು ಅಂತ ಎಣಿಸಿ ಬರೆಯಬೇಕು.

ಇದು ಚೆನ್ನಾಗಿ ನಡೆಯಿತು. ಎಣಿಕೆಯನ್ನು ಗಣಿತದ ಅವಧಿಯಲ್ಲಿ ಗ್ರಾಫ್ ಹಾಕಿಸಿದರು. ಗೆರೆ ಏರುತ್ತೆ, ಬೀಳುತ್ತೆ, ಮತ್ತೆ ಏರುತ್ತೆ. ಸಂಖ್ಯೆ ಒಂದೇ ಕಡೆ ನಿಂತಿರುವುದಿಲ್ಲ ಅನ್ನುವುದು ಮಕ್ಕಳಿಗೆ ಕೈಯಲ್ಲೇ ಗೊತ್ತಾಯಿತು. ಅದೇ ಗ್ರಾಫ್‌ನಿಂದ ಇನ್ನೊಂದು ಲಾಭವೂ ಆಯಿತು. "ಪಾಠ ಮುಗಿಯುವುದು ಯಾವಾಗ?" ಅಂತ ಮುಖ್ಯ ಶಿಕ್ಷಕರು ಕೇಳುತ್ತಿದ್ದರು. ಗಣಿತದ ಕೆಲಸವೂ ಇದರಲ್ಲೇ ಆಗುತ್ತಿದೆ ಅಂತ ಕಂಡ ಮೇಲೆ ಕೇಳುವುದು ಬಿಟ್ಟರು.

ಆದರೆ ಬೆಳ್ಳಕ್ಕಿ ಆಟದಲ್ಲಿ ಯಾರೂ ಏನನ್ನೂ ತೀರ್ಮಾನಿಸಬೇಕಿಲ್ಲ. ಹಕ್ಕಿಗೆ ಹಸಿವಾಗುತ್ತೆ, ಓಡುತ್ತೆ, ಅಷ್ಟೇ. ಸುಸ್ಥಿರತೆಯ ಪ್ರಶ್ನೆ ಹುಟ್ಟುವುದು ಇನ್ನಷ್ಟು ತೆಗೆದುಕೊಳ್ಳಲೋ ಬೇಡವೋ ಅಂತ ಯೋಚಿಸುವ ಮನುಷ್ಯ ಬಂದಾಗ.

ಮೊದಲ ಕೆರೆ ಆಟ

ಇಂಥ ಆಟಗಳಿಗೆ ಒಂದು ಪರಂಪರೆಯೇ ಇದೆ. ಡೆನಿಸ್ ಮೆಡೋಸ್ 1980ರ ದಶಕದಲ್ಲಿ ಮೀನುಗಾರಿಕೆಯ ಆಟವೊಂದನ್ನು ರೂಪಿಸಿದರು. ದೋಣಿ ಜಾಸ್ತಿ ಇಳಿಸಿದಷ್ಟೂ ಲಾಭ, ಆದರೆ ಮೀನು ಮರಿ ಹಾಕುವುದಕ್ಕೆ ಮೀನೇ ಉಳಿದಿರಬೇಕಲ್ಲ. ಪಕ್ಕದ ಆಂಧ್ರದ ಹಳ್ಳಿಗಳಲ್ಲಿ ರೈತರ ಜೊತೆಗೇ ಅಂತರ್ಜಲದ ಆಟ ಆಡಿಸಿದ್ದಾರೆ. ಅಲ್ಲಿ ಒಂದು ಬೆಳೆಗೆ ನೀರೂ ಕಮ್ಮಿ, ಲಾಭವೂ ಕಮ್ಮಿ. ಇನ್ನೊಂದಕ್ಕೆ ಎರಡೂ ಜಾಸ್ತಿ. ಶಿಕ್ಷಕಿ ಇವೆರಡನ್ನೂ ಸೇರಿಸಿ ತಮ್ಮದೇ ಕೆರೆ ಆಟ ಮಾಡಿದರು.

ಒಂದು ಬೋಗುಣಿಯಲ್ಲಿ 60 ಹುಣಸೆ ಬೀಜ. ಅದೇ ಕೆರೆ. ಸುತ್ತ 6 ಮನೆ, ಮನೆಗೆ ಎರಡು ಮೂರು ಮಕ್ಕಳು. ಪ್ರತಿ ಹಂಗಾಮಿಗೆ ಮನೆಯವರು ಒಂದು ಬೆಳೆ ಆರಿಸಬೇಕು. ರಾಗಿಗೆ 2 ಬೀಜ ನೀರು, 2 ನಾಣ್ಯ ಆದಾಯ. ಭತ್ತಕ್ಕೆ 6 ಬೀಜ ನೀರು, 5 ನಾಣ್ಯ. ನಾಣ್ಯಕ್ಕೆ ಹೊಂಗೆ ಬೀಜ. ಹಂಗಾಮು ಮುಗಿದ ಮೇಲೆ ದಾಳ ಹಾಕಿ, ಬಿದ್ದ ಸಂಖ್ಯೆಯ 5 ಪಟ್ಟು ಬೀಜದಷ್ಟು ಮಳೆ. 60 ದಾಟಿದರೆ ಕೋಡಿ ಬಿದ್ದು ಹೋಯಿತು ಅಂತ ಲೆಕ್ಕ. ಒಟ್ಟು 8 ಹಂಗಾಮು. ಆಡುವಾಗ ಮನೆಗಳು ತಮ್ಮಲ್ಲಿ ಮಾತಾಡುವ ಹಾಗಿಲ್ಲ. ತರಗತಿಯಲ್ಲಿ ಎರಡು ಗುಂಪು, ಎರಡು ಕೆರೆ.

ಒಂದು ಗುಂಪು ಭತ್ತದ ಮೇಲೆ ಭತ್ತ ಹಾಕಿತು. ಮೂರನೇ ಹಂಗಾಮಿಗೆ ಬೋಗುಣಿ ಬರಿದು. ಮಿಕ್ಕ ಹಂಗಾಮುಗಳಲ್ಲಿ ಮಳೆ ಬಿದ್ದಷ್ಟನ್ನು ಅಲ್ಲಲ್ಲೇ ಕಿತ್ತಾಡಿ ಹಂಚಿಕೊಂಡರು. ಇನ್ನೊಂದು ಗುಂಪಿನಲ್ಲಿ ಓದುವ ಮಕ್ಕಳು ಜಾಸ್ತಿ. ಟೀಚರ್‌ಗೆ ಏನು ಬೇಕು ಅಂತ ಅವರಿಗೆ ಆಡುವ ಮೊದಲೇ ಗೊತ್ತಿತ್ತು. ಎಂಟೂ ಹಂಗಾಮು ರಾಗಿ ಬೆಳೆದರು. ಕೆರೆ ಕೊನೆಯವರೆಗೂ ತುಂಬಿತ್ತು. ಶಿಕ್ಷಕಿ ಅವರಿಗೆ ಚಪ್ಪಾಳೆ ಹೊಡೆಸಿದರು.

ಲೆಕ್ಕ ಹಾಕಿದ ಹುಡುಗಿ

ಚಪ್ಪಾಳೆ ಮುಗಿಯುತ್ತಿದ್ದ ಹಾಗೆ ಭತ್ತದ ಗುಂಪಿನ ಹುಡುಗಿಯೊಬ್ಬಳು ಎದ್ದು ನಿಂತಳು. ಸ್ಲೇಟಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದಳು. ರಾಗಿ ಗುಂಪಿನ ಒಟ್ಟು ಆದಾಯ 96 ನಾಣ್ಯ. ತಮ್ಮ ಗುಂಪಿನದು 140 ದಾಟಿತ್ತು. "ಅವರು ಉಳಿಸಿದ ನೀರೆಲ್ಲ ಕೋಡೀಲಿ ಹೋಯ್ತಲ್ಲ ಟೀಚರ್. ಮಳೆ ಹೆಂಗಿದ್ರೂ ಮತ್ತೆ ಬರುತ್ತೆ. ಕೆರೆ ಖಾಲಿ ಮಾಡಿದ್ರೆ ಏನು ತಪ್ಪು?"

ಈ ಪ್ರಕರಣದ ಮುಖ್ಯ ತಿರುವು ಇದು. ಶಿಕ್ಷಕಿ ಆಗ ಎರಡರಲ್ಲಿ ಒಂದು ಮಾಡಬಹುದಿತ್ತು. ಪರಿಸರ ಮುಖ್ಯ, ದುಡ್ಡಲ್ಲ ಅಂತ ಹೇಳಿ ಕೂರಿಸಬಹುದಿತ್ತು. ಅಥವಾ ಕೆರೆ ಖಾಲಿಯಾದರೆ ಎಲ್ಲರಿಗೂ 50 ನಾಣ್ಯ ದಂಡ ಅಂತ ಹೊಸ ನಿಯಮ ತಂದು ರಾಗಿಯನ್ನು ಗೆಲ್ಲಿಸಬಹುದಿತ್ತು. ಇಂಥ ಆಟ ಮಾಡುವವರು ಸಾಮಾನ್ಯವಾಗಿ ಎರಡನೇ ದಾರಿ ಹಿಡಿಯುತ್ತಾರೆ. ಶಿಕ್ಷಕಿ ಎರಡೂ ಮಾಡಲಿಲ್ಲ. "ನಿನ್ನ ಲೆಕ್ಕ ಸರಿ ಇದೆ. ಯೋಚನೆ ಮಾಡಿ ಹೇಳ್ತೀನಿ" ಅಂದರು.

ಹುಡುಗಿಯ ಮಾತಿನಲ್ಲಿ ಹುರುಳಿತ್ತು. ಮೀನಿನ ಆಟದಲ್ಲಿ ಉಳಿದ ಮೀನಿನಿಂದ ಮುಂದಿನ ಮೀನು ಹುಟ್ಟುತ್ತದೆ. ಹಾಗಾಗಿ ಎಲ್ಲವನ್ನೂ ಹಿಡಿದರೆ ಕಥೆ ಮುಗಿಯಿತು. ಕೆರೆ ನೀರು ಹಾಗಲ್ಲ. ಕೆರೆಯಲ್ಲಿ ನೀರು ಉಳಿಸಿದ್ದಕ್ಕೆ ಮಳೆ ಜಾಸ್ತಿ ಬರುವುದಿಲ್ಲ. ಮೀನಿನ ತರ್ಕವನ್ನು ನೀರಿನ ಮೇಲೆ ಹಾಗೇ ಹೊದಿಸಿದ್ದರಿಂದ ಆಟ ಸುಳ್ಳು ಹೇಳುತ್ತಿತ್ತು.

ಶಿಕ್ಷಕಿ ಊರಿನ ಹಿರಿಯರೊಬ್ಬರನ್ನು ತರಗತಿಗೆ ಕರೆಸಿದರು. ಅವರು ಹಿಂದೆ ನೀರುಗಂಟಿಯಾಗಿದ್ದವರು. ತೂಬು ತೆಗೆದು ಗದ್ದೆಗದ್ದೆಗೆ ನೀರು ಬಿಡುವ ಕೆಲಸ ಅವರದು. ಹುಡುಗಿಯ ಪ್ರಶ್ನೆ ಕೇಳಿ ಅವರು ನಕ್ಕುಬಿಟ್ಟರು. ಕೆರೆ ಇರುವುದೇ ಬಳಸುವುದಕ್ಕೆ ಅಂದರು. ಬೇಸಿಗೆಗೆ ನೀರು ತಗ್ಗಿದಾಗಲೇ ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರಂತೆ. ನೀರು ಕಮ್ಮಿ ಇದ್ದ ವರ್ಷ ಅಚ್ಚುಕಟ್ಟಿನಲ್ಲಿ ತೂಬಿಗೆ ಹತ್ತಿರದ ಒಂದಷ್ಟು ಜಮೀನಿಗೆ ಮಾತ್ರ ನೀರು ಬಿಟ್ಟು, ಆ ಜಮೀನನ್ನೇ ಎಲ್ಲರಿಗೂ ಭಾಗ ಮಾಡಿ ಕೊಡುತ್ತಿದ್ದರಂತೆ. ಹೊರಡುವ ಹೊತ್ತಿಗೆ ಸುಮ್ನೆ ಇನ್ನೊಂದು ಮಾತು ಸೇರಿಸಿದರು: ಕೆರೇಲಿ ನೀರಿದ್ದಾಗ ಕೆಳಗಿನ ಬಾವಿಗಳಲ್ಲೂ ಇರುತ್ತಿತ್ತು, ರಾಟೆ ಹಗ್ಗ ಉದ್ದ ಬೇಕಾಗಿರಲಿಲ್ಲ.

ಆಟ ಬದಲಾಗಿದ್ದು ಆ ಮಾತಿನಿಂದ.

ಎರಡು ಪಾತ್ರೆ

ಹೊಸ ಆಟದಲ್ಲಿ ಬೋಗುಣಿಯ ಕೆಳಗೆ ಒಂದು ಗಾಜಿನ ಭರಣಿ ಬಂತು. ಅದು ಅಂತರ್ಜಲ. ಅದರಲ್ಲೂ 60 ಬೀಜ, 30ರ ಮಟ್ಟಕ್ಕೆ ಒಂದು ಕೆಂಪು ಗೆರೆ. ಭರಣಿಗೆ ಬಟ್ಟೆ ಸುತ್ತಿದ್ದರು. ನೆಲದೊಳಗಿನ ನೀರು ಯಾರಿಗೂ ಕಾಣುವುದಿಲ್ಲವಲ್ಲ.

ರಾಗಿ, ಭತ್ತ ಹಿಂದಿನ ಹಾಗೇ ಕೆರೆ ನೀರಿನಲ್ಲಿ. ಮೂರನೇ ಬೆಳೆ ಟೊಮ್ಯಾಟೊ, ಬೋರ್‌ವೆಲ್ ನೀರಿನಲ್ಲಿ: ಭರಣಿಯಿಂದ 4 ಬೀಜ, ಆದಾಯ 8 ನಾಣ್ಯ. ಬೆಳೆಗೆ ತೆಗೆದ ಮೇಲೆ ಕೆರೆಯಲ್ಲಿ ಉಳಿದ ಪ್ರತಿ 5 ಬೀಜಕ್ಕೆ 1 ಬೀಜ ಭರಣಿಗೆ ಇಂಗುತ್ತದೆ. ಊರಿನ ಕುಡಿಯುವ ನೀರಿಗೆ ಪ್ರತಿ ಹಂಗಾಮಿಗೆ ಭರಣಿಯಿಂದ 4 ಬೀಜ ಹೋಗುತ್ತದೆ. ಭರಣಿ ಕೆಂಪು ಗೆರೆಗಿಂತ ಕೆಳಗಿಳಿದರೆ ಕುಡಿಯುವ ನೀರಿನ ಬೋರ್ ಬತ್ತಿತು ಅಂತ ಅರ್ಥ. ಆಮೇಲೆ ಪ್ರತಿ ಹಂಗಾಮಿಗೂ ಪ್ರತಿ ಮನೆಯೂ ಟ್ಯಾಂಕರ್‌ಗೆ 5 ನಾಣ್ಯ ಕೊಡಬೇಕು. ಗೆರೆಯ ಕೆಳಗೆ ಟೊಮ್ಯಾಟೊ ಬೆಳೆಯಬೇಕಾದರೆ ಮೊದಲು 6 ನಾಣ್ಯ ಖರ್ಚು ಮಾಡಿ ಹೊಸ ಬೋರ್ ಕೊರೆಸಬೇಕು.

ಈ ಸಲ ಒಳ್ಳೆಯ ಮಕ್ಕಳ ಗುಂಪು, ತುಂಟರ ಗುಂಪು ಅನ್ನುವ ವ್ಯತ್ಯಾಸ ಉಳಿಯಲಿಲ್ಲ. ಕೆರೆ ಮುಟ್ಟದೆ 8 ನಾಣ್ಯ ಸಿಗುವುದಾದರೆ ಯಾರು ಬಿಡುತ್ತಾರೆ? ಎಲ್ಲರೂ ಟೊಮ್ಯಾಟೊ. ಕೆರೆ ತುಂಬಿ ಮುದ್ದಾಗಿ ಕಾಣುತ್ತಿತ್ತು. ಎರಡನೇ ಹಂಗಾಮು ಮುಗಿದಾಗ ಶಿಕ್ಷಕಿ ಬಟ್ಟೆ ಸರಿಸಿ ಎಣಿಸಲು ಹೇಳಿದರು. ಭರಣಿ ಗೆರೆಯ ಕೆಳಗೆ ಹೋಗಿತ್ತು. ಮೂರನೇ ಹಂಗಾಮಿನಲ್ಲಿ ಟ್ಯಾಂಕರ್ ದುಡ್ಡು, ಬೋರ್ ದುಡ್ಡು ಎಲ್ಲ ಕಳೆದರೆ ಊರಿಗೆ ಊರೇ ನಷ್ಟ.

ಇಲ್ಲಿ ಮಕ್ಕಳೇ ಒಂದು ನಿಯಮ ಸೇರಿಸಿದರು. ಬೋರ್ ಕೊರೆಸಿದ ತಕ್ಷಣ ನೀರು ಬರುವುದೆಲ್ಲಿ ಸುಳ್ಳು ಅಂತ ಅವರ ತಕರಾರು. ಕೊರೆಸುವ ಮುಂಚೆ ಪಾಯಿಂಟ್, ಅಂದರೆ ನೀರಿರುವ ಜಾಗ, ನೋಡಿಸಬೇಕು, ಆಮೇಲೂ ಫೇಲಾಗಬಹುದು. ಸರಿ, ದಾಳ ಹಾಕಬೇಕು, 1, 2, 3 ಬಿದ್ದರೆ ದುಡ್ಡು ಹೋಯಿತು. ಒಬ್ಬ ಹುಡುಗ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರ ಹಾಗೆ ನಟಿಸಿ ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅದೇ ನಗುವಿನ ನಡುವೆ ಇನ್ನೊಬ್ಬಳು "ನಮ್ಮನೇಲೂ ಮೂರು ಫೇಲಾಯ್ತು" ಅಂದಳು. ನಗು ನಿಂತಿತು. ಅವಳ ಮನೆಯ ಸಾಲದ ವಿಷಯ ಊರಿಗೆಲ್ಲ ಗೊತ್ತಿತ್ತು. ಶಿಕ್ಷಕಿ ಅವಳನ್ನು ಹೆಚ್ಚು ಕೇಳಲಿಲ್ಲ, ಸಮಾಧಾನದ ಭಾಷಣವನ್ನೂ ಮಾಡಲಿಲ್ಲ. ತರಗತಿಯ ಕಡೆ ತಿರುಗಿ ಕೇಳಿದರು: ಆಟದಲ್ಲಿ ಬೋರ್ ಫೇಲಾದ ಮನೆಗೆ ಊರು ಏನು ಮಾಡಬೇಕು? ನೋವನ್ನು ಒಬ್ಬಳ ಮೇಲಿಂದ ಎತ್ತಿ ನಿಯಮದ ಪ್ರಶ್ನೆಯಾಗಿ ನಡುವೆ ಇಟ್ಟರು. ಇಂಥ ಆಟ ಆಡಿಸುವವರು ಈ ಕ್ಷಣಕ್ಕೆ ಮೊದಲೇ ತಯಾರಾಗಿರಬೇಕು. ಇದು ಬಂದೇ ಬರುತ್ತದೆ. ನಗರದ ಮಕ್ಕಳಿಗೆ ಇದು ಬೀಜದ ಆಟ, ಇಲ್ಲಿನ ಮಕ್ಕಳಿಗೆ ಮನೆಯ ಲೆಕ್ಕ.

ಮಾತಾಡಲು ಬಿಟ್ಟಾಗ

ಅಲ್ಲಿಂದ ಮುಂದೆ ಮಾತಾಡಬಾರದು ಅನ್ನುವ ನಿಯಮ ತೆಗೆದರು. ಇದು ಸಣ್ಣ ವಿಷಯವಲ್ಲ. ಎಲ್ಲರಿಗೂ ಸೇರಿದ್ದು ಹಾಳಾಗಿಯೇ ತೀರುತ್ತದೆ ಅಂತ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಅವರು ಕೊಟ್ಟ ಉದಾಹರಣೆ ಎಲ್ಲರಿಗೂ ಸೇರಿದ ಹುಲ್ಲುಗಾವಲು. ಅಲ್ಲಿ ದನ ಮೇಯಿಸುವವರು ಒಬ್ಬರೊಡನೊಬ್ಬರು ಮಾತಾಡುವುದೇ ಇಲ್ಲ. ನಿಜವಾದ ಊರುಗಳಲ್ಲಿ ಜನ ಕೂತು ಮಾತಾಡಿ ಕಟ್ಟುಪಾಡು ಮಾಡಿಕೊಳ್ಳುತ್ತಾರೆ ಅಂತ ಹಲವು ದೇಶಗಳ ಉದಾಹರಣೆ ಹಿಡಿದು ತೋರಿಸಿದವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಮಕ್ಕಳ ಮೊದಲ ಕಟ್ಟುಪಾಡು ಭಯಂಕರವಾಗಿತ್ತು. ಹೇಳಿದ್ದಕ್ಕಿಂತ ಜಾಸ್ತಿ ನೀರು ತೆಗೆದವರನ್ನು ಊರಿಂದ ಹೊರಗೆ ಹಾಕುವುದು! ಕದ್ದವನು ಸಿಕ್ಕಿಬಿದ್ದ. ಆದರೆ ಅವನು ಎಲ್ಲರ ಗೆಳೆಯ. ಯಾರಿಗೂ ಹೊರಗೆ ಹಾಕುವ ಮನಸ್ಸಾಗಲಿಲ್ಲ. ಶಿಕ್ಷೆ ಆಗಲಿಲ್ಲ ಅಂತ ಕಂಡು ಇನ್ನಿಬ್ಬರು ಕದ್ದರು. ಆಮೇಲೆ ನಿಯಮ ಬದಲಾಯಿತು: ಮೊದಲ ಸಲ 1 ನಾಣ್ಯ, ಎರಡನೇ ಸಲ ಒಂದು ಹಂಗಾಮು ಬೆಳೆ ಇಲ್ಲ. ಚಿಕ್ಕ ದಂಡವನ್ನು ಎಲ್ಲರೂ ಧೈರ್ಯವಾಗಿ ಹಾಕಿದರು. ಪ್ರತಿ ಹಂಗಾಮಿಗೆ ಬಟ್ಟೆ ತೆಗೆದು ಭರಣಿ ಎಣಿಸಬೇಕು ಅನ್ನುವುದೂ ಅವರದೇ ನಿಯಮ. ಬಾಳಿಕೆ ಬರುವ ಕಟ್ಟುಪಾಡುಗಳ ಲಕ್ಷಣ ಅಂತ ಆಸ್ಟ್ರಮ್ ಪಟ್ಟಿ ಮಾಡಿದ್ದರಲ್ಲಿ ಇವೆರಡೂ ಇವೆ. ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನೀರುಗಂಟಿ ಬೇಕು ಅಂತಲೂ ತೀರ್ಮಾನವಾಯಿತು. ಯಾರು ಆಗಬೇಕು ಅಂದಾಗ ಏಳೆಂಟು ಬೆರಳು ಒಬ್ಬನ ಕಡೆಗೇ ತಿರುಗಿದವು. ತರಗತಿಗೆ ಬಂದಿದ್ದ ಆ ಹಿರಿಯರ ಕೇರಿಯ ಹುಡುಗ. ಈ ಸೀಮೆಯಲ್ಲಿ ನೀರುಗಂಟಿ ಕೆಲಸ ಬಹಳ ಕಡೆ ದಲಿತ ಕುಟುಂಬಗಳದು. ನೀರು ಹಂಚುವ ಅಧಿಕಾರ ಅವರ ಕೈಲಿ, ನೀರು ಕುಡಿಯುವ ಜಮೀನು ಇನ್ನೊಬ್ಬರದು. ಮಕ್ಕಳು ಕೆಟ್ಟ ಮನಸ್ಸಿನಿಂದ ಬೆರಳು ತೋರಿಸಲಿಲ್ಲ. ಅದಕ್ಕೇ ಅದು ಇನ್ನೂ ಕಷ್ಟದ ವಿಷಯ. ಹುಡುಗ ತಲೆ ತಗ್ಗಿಸಿ ಎದ್ದು ಬರುತ್ತಿದ್ದ.

ಶಿಕ್ಷಕಿ ತಕ್ಷಣ ಚೀಟಿ ಎತ್ತಿಸಿದರು. ಪ್ರತಿ ಹಂಗಾಮಿಗೆ ಬೇರೆ ನೀರುಗಂಟಿ, ಚೀಟಿಯಲ್ಲಿ ಯಾರ ಹೆಸರು ಬರುತ್ತೋ ಅವರು. ಅವರ ಮಾತೇ ಕೊನೆಯ ಮಾತು, ಪ್ರತಿ ಮನೆಯೂ ಅವರಿಗೆ 1 ನಾಣ್ಯ ಕೊಡಬೇಕು. ಹಿಂದೆ ಸುಗ್ಗಿಯಲ್ಲಿ ನೀರುಗಂಟಿಗೆ ಧಾನ್ಯ ಅಳೆದು ಕೊಡುತ್ತಿದ್ದರಲ್ಲ, ಹಾಗೆ. ಜಾತಿಯ ಬಗ್ಗೆ ಆ ದಿನ ಅವರು ಮಾತಾಡಲಿಲ್ಲ. ಕೆಲವು ದಿನ ಬಿಟ್ಟು ಸಮಾಜ ವಿಜ್ಞಾನದ ಅವಧಿಯಲ್ಲಿ, ಆಟದ ಪ್ರಸ್ತಾಪ ಇಲ್ಲದೆ ಮಾತಾಡಿದರು. ಆಗಲೇ ಮಾತಾಡಬೇಕಿತ್ತು ಅಂತ ವಾದಿಸುವವರಿದ್ದಾರೆ. ಆ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಮಾಡಿದ್ದರೆ ಪಾಠ ಉಳಿದವರಿಗೆ ಆಗುತ್ತಿತ್ತು, ಬೆಲೆ ಅವನು ಕಟ್ಟಬೇಕಾಗುತ್ತಿತ್ತು. ಶಿಕ್ಷಕಿಯ ತೀರ್ಮಾನ ಸರಿ ಅನ್ನುವುದೇ ನನ್ನ ಪಕ್ಷ.

ಚೀಟಿಯ ಗಲಾಟೆಯಲ್ಲಿ ಇನ್ನೊಂದು ಪ್ರಶ್ನೆ ಬಂತು. "ನಮಗೆ ಜಮೀನೇ ಇಲ್ಲ. ನಾವು ಯಾವ ಮನೆ?" ಅಂತ ಒಬ್ಬ ಕೇಳಿದ. 6 ಮನೆಯೂ ರೈತರ ಮನೆಗಳೇ ಆಗಿದ್ದವು. ಏಳನೇ ಮನೆ ಸೇರಿತು: ಕುರಿ ಮತ್ತು ಮೀನಿನ ಮನೆ. ಬೆಳೆಗೆ ತೆಗೆದ ಮೇಲೂ ಕೆರೆಯಲ್ಲಿ 20 ಬೀಜ ಉಳಿದರೆ ಮೀನು ಉಳಿಯುತ್ತದೆ, ಬೆಳ್ಳಕ್ಕಿ ಬರುತ್ತದೆ, ಆ ಮನೆಗೆ 4 ನಾಣ್ಯ. ಇಳಿದರೆ ಏನೂ ಇಲ್ಲ. ಕೆರೆ ಖಾಲಿ ಮಾಡಿದರೆ ಏನು ತಪ್ಪು ಅಂತ ಕೇಳಿದ್ದ ಹುಡುಗಿಗೆ ಉತ್ತರ ಸಿಕ್ಕಿದ್ದು ಇಲ್ಲಿ. ಪೂರ್ತಿ ಉತ್ತರ ಅಲ್ಲ. ಅವಳು ಏಳನೇ ಮನೆಯವರಿಗೆ ಸೀದಾ ಹೇಳಿದಳು: "ನಿಮಗೆ 4 ನಾಣ್ಯ ನಾವೇ ಕೊಡ್ತೀವಿ, ನೀರು ನಮಗೆ ಬಿಡಿ." ಆ ಚೌಕಾಸಿ ಅರ್ಧ ಅವಧಿ ನಡೆಯಿತು. ಬೆಳ್ಳಕ್ಕಿಗೆ ಯಾರು ನಾಣ್ಯ ಕೊಡುತ್ತಾರೆ ಅಂತ ಯಾರೋ ಕೇಳುವವರೆಗೂ.

ಎಂಟನೇ ಹಂಗಾಮು

ಒಂದು ಗುಂಪು ಸರದಿ ಟೊಮ್ಯಾಟೊ ಕಂಡುಹಿಡಿಯಿತು. ಹಂಗಾಮಿಗೆ ಎರಡೇ ಮನೆ ಟೊಮ್ಯಾಟೊ, ಉಳಿದ ನಾಲ್ಕು ಮನೆ ರಾಗಿ, ಸರದಿ ಪ್ರಕಾರ ಬದಲು. ಎರಡು ಟೊಮ್ಯಾಟೊಗೆ 8, ಕುಡಿಯಲು 4, ಒಟ್ಟು 12 ಬೀಜ ಹೊರಗೆ. ಕೆರೆ ತುಂಬಿದ್ದರೆ ಸುಮಾರು 10 ಬೀಜ ಒಳಗೆ. ಇಳಿಕೆ ಬಹಳ ನಿಧಾನ. ಏಳು ಹಂಗಾಮು ಚೆನ್ನಾಗಿ ನಡೆಯಿತು. ಎಂಟನೆಯದರಲ್ಲಿ ಎಲ್ಲರೂ ಒಟ್ಟಿಗೆ ಟೊಮ್ಯಾಟೊ ಹಾಕಿ ಭರಣಿಯನ್ನು ಕೆಂಪು ಗೆರೆಯ ಕೆಳಗೆ ಇಳಿಸಿದರು. "ಹೆಂಗಿದ್ರೂ ಮುಗೀತಲ್ಲ ಟೀಚರ್!"

ಆಟ ಎಂದು ಮುಗಿಯುತ್ತೆ ಅಂತ ಹೇಳದೆ ಇರುವುದು ಇದಕ್ಕೆ ಸುಲಭದ ಮದ್ದು. ಶಿಕ್ಷಕಿ ಬೇರೆ ದಾರಿ ಹಿಡಿದರು. ಬೋಗುಣಿ, ಭರಣಿಯನ್ನು ಇದ್ದ ಹಾಗೇ ಬೀರುವಿನಲ್ಲಿಟ್ಟರು. ಮುಂದಿನ ಶನಿವಾರ 6ನೇ ತರಗತಿಯವರನ್ನು ಕೂರಿಸಿ, ಅದೇ ಭರಣಿ ಕೊಟ್ಟು, ಅಲ್ಲಿಂದಲೇ ಆಟ ಶುರು ಮಾಡಿಸಿದರು. 7ನೆಯವರು ಗೋಡೆಗೆ ಒರಗಿ ನೋಡುತ್ತಿದ್ದರು. ಆರನೆಯವರಿಗೆ ಒಂದು ಬೆಳೆ ಬೆಳೆಯುವ ಮೊದಲೇ ಟ್ಯಾಂಕರ್ ಸಾಲ. "ನಾವೇನು ಮಾಡಿದ್ವಿ? ಇದು ಯಾರು ಖಾಲಿ ಮಾಡಿದ್ದು?" ಅಂತ ಒಬ್ಬಳು ಜೋರಾಗಿ ಕೇಳಿದಳು. ಅವಳ ಅಣ್ಣ ಗೋಡೆ ಹತ್ತಿರ ನಿಂತಿದ್ದ.

ಆಮೇಲೆ 7ನೆಯವರು ಮತ್ತೆ ಆಡಿದರು. ಈ ಸಲ ಭರಣಿ ಯಾರಿಗೆ ಹೋಗುತ್ತದೆ ಅಂತ ಗೊತ್ತಿತ್ತು. ಒಂದು ಗುಂಪು ಕೆಂಪು ಗೆರೆಯ ಮೇಲೆ ಉಳಿಸಿ ಕೊಟ್ಟಿತು. ಇನ್ನೊಂದು ಗುಂಪಿನಲ್ಲಿ ನಡುವೆ ಎರಡು ಮನೆಗಳು ಸರದಿ ಮುರಿದವು. ಮತ್ತೆ ನಂಬಿಕೆ ಕೂಡಲೇ ಇಲ್ಲ. ಎಲ್ಲರಿಗೂ ನಿಯಮ ಗೊತ್ತು, ಲೆಕ್ಕ ಗೊತ್ತು, ಆದರೂ ಭರಣಿ ಬರಿದಾಯಿತು. ಶಿಕ್ಷಕಿ ಆ ಗುಂಪನ್ನು ಸರಿಪಡಿಸಲು ಹೋಗಲಿಲ್ಲ. ಎಲ್ಲಿ ಮುರಿಯಿತು ಅಂತ ಅವರಿಂದಲೇ ಬರೆಸಿದರು. ನನಗೆ ಕಂಡಂತೆ ಗೆದ್ದ ಗುಂಪಿನ ಬರಹಕ್ಕಿಂತ ಈ ಬರಹಗಳು ಚೆನ್ನಾಗಿದ್ದವು.

ಏನು ಸಿಕ್ಕಿತು, ಏನು ಸಿಗಲಿಲ್ಲ

ಕಪ್ಪೆ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಉತ್ತರಗಳ ರೂಪ ಬದಲಾಗಿತ್ತು. ಮೊದಲು ಸೊಳ್ಳೆ, ಹುಳ ಜಾಸ್ತಿಯಾಗುತ್ತೆ, ಹಾವು ಬೇರೆ ಕಡೆ ಹೋಗುತ್ತೆ ಅಥವಾ ಇಲಿ ಹಿಡಿಯುತ್ತೆ, ಬೆಳ್ಳಕ್ಕಿಗೆ ಮೀನಿದ್ದರೆ ಅಷ್ಟೇನೂ ತೊಂದರೆ ಇಲ್ಲ. "ಎಷ್ಟು ವರ್ಷಕ್ಕೆ ಅಂತ ಕೇಳ್ತಿದ್ದೀರಾ?" ಅಂತ ಒಬ್ಬಳು ಉತ್ತರದ ಬದಲು ಪ್ರಶ್ನೆಯನ್ನೇ ಬರೆದಿದ್ದಳು. ಎಲ್ಲ ಉತ್ತರವೂ ಸರಿ ಇರಲಿಲ್ಲ. ಆದರೆ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದಾದ ಉತ್ತರಗಳು. "ಪರಿಸರ ನಾಶವಾಗುತ್ತದೆ" ಅನ್ನುವುದರಲ್ಲಿ ತಪ್ಪನ್ನು ಎಲ್ಲಿ ಹುಡುಕುವುದು?

ಪರೀಕ್ಷೆಯಲ್ಲಿ ವ್ಯಾಖ್ಯಾನವನ್ನೇ ಕೇಳಿದ್ದರು. ಮಕ್ಕಳು ಅದನ್ನೇ ಬರೆದರು. ಊರಿನಲ್ಲಿ ಬೋರ್ ಕೊರೆಯುವ ಲಾರಿ ಬರುವುದು ನಿಂತಿಲ್ಲ. 12 ವರ್ಷದ ಮಗು ಮನೆಗೆ ಹೋಗಿ ಟೊಮ್ಯಾಟೊ ಬಿಡಿಸಿ ರಾಗಿ ಹಾಕಿಸಲಿ ಅಂತ ಬಯಸುವುದು ಅನ್ಯಾಯ ಕೂಡ. ಆಟ ಆಡಲು ಮಕ್ಕಳನ್ನು ಶಾಲೆಗೆ ಕಳಿಸುತ್ತೇವಾ ಅಂತ ಒಬ್ಬ ಪೋಷಕರು ಬಂದು ಕೇಳಿದರು. ಶಿಕ್ಷಕಿ ಅವರನ್ನೂ ಕೂರಿಸಿ ಆಡಿಸಿದರು. ಅವರು ಮೊದಲ ಹಂಗಾಮಿಗೇ ಟೊಮ್ಯಾಟೊ ಹಾಕಿದರು.

ಬೇರೆ ಶಾಲೆಯಲ್ಲಿ ಆಡಿಸುವವರಿಗೆ ಕೆಲವು ಮಾತು. ಆಟಕ್ಕೆ ಎಷ್ಟು ಹೊತ್ತೋ ಚರ್ಚೆಗೂ ಅಷ್ಟೇ ಹೊತ್ತು ಇಡಿ. ಒಂದೇ ಅವಧಿ ಇದ್ದರೆ ಹಂಗಾಮು ಕಮ್ಮಿ ಮಾಡಿ, ಚರ್ಚೆ ಕಮ್ಮಿ ಮಾಡಬೇಡಿ. ಮಕ್ಕಳು ಆಟದಲ್ಲಿ ತೂತು ಹುಡುಕಿದರೆ ಮೊದಲು ಆ ತೂತನ್ನು ನಿಜವಾದ ಕೆರೆಯಲ್ಲಿ ಹುಡುಕಿ. ಅಲ್ಲೂ ಇದ್ದರೆ ಅದೇ ನಿಮ್ಮ ಮುಂದಿನ ಪಾಠ. ಅಲ್ಲಿ ಇಲ್ಲದಿದ್ದರೆ ಮಾತ್ರ ನಿಯಮ ಸರಿ ಮಾಡಿ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಈ ಎರಡು ಪಾತ್ರೆಯ ಆಟ ಹಾಗೇ ನಡೆಯುವುದಿಲ್ಲ. ಕರಾವಳಿಗೆ ಮೀನಿನ ಆಟವೇ ಸರಿ, ಅಲ್ವಾ? ನಿಮ್ಮ ಊರಿನಲ್ಲಿ ಯಾವುದು ತೆಗೆದರೂ ಮತ್ತೆ ಬರುತ್ತೆ, ಯಾವುದು ಬರುವುದಿಲ್ಲ ಅಂತ ಮೊದಲು ಪಟ್ಟಿ ಮಾಡಿ, ಆಮೇಲೆ ಬೀಜ ಎಣಿಸಿ.

ಈ ವರ್ಷ ಆ ಶಾಲೆಯಲ್ಲಿ ಹೊಸ ತಕರಾರು ಎದ್ದಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಮಳೆ ಬಾರದಿದ್ದರೂ ಕೆರೆ ತುಂಬುವುದಾದರೆ ದಾಳ ಯಾಕೆ ಹಾಕಬೇಕು ಅಂತ ಹೊಸ 7ನೇ ತರಗತಿ ಕೇಳುತ್ತಿದೆ. ಬೇರೆ ಬಣ್ಣದ ಬೀಜ ತರೋಣ ಅಂತ ಒಂದು ಗುಂಪು. ಆ ಬೀಜ ಭರಣಿಗೆ ಇಂಗಿದರೆ ಕುಡಿಯುವ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಇನ್ನೊಂದು ಗುಂಪು. ಶಿಕ್ಷಕಿ ಸದ್ಯಕ್ಕೆ ಅವರೆ ಕಾಳು ತಂದಿಟ್ಟಿದ್ದಾರೆ. ನಿಯಮ ಇನ್ನೂ ಆಗಿಲ್ಲ.